ದಿನಚರಿಯ ಅರ್ಥ ಮತ್ತು ಉಪಯೋಗ

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಗೆ ಬಂದ ಮಹಾಪೂರವು ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳನ್ನೂ ಮೂಡಲಗಿ ತಾಲೂಕಿನ ನದೀತೀರದ ಗ್ರಾಮಗಳನ್ನೂ ಮುಳುಗಿಸಿತು. ನೀರು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮೆಟ್ಟಿಲಿನವರೆಗೆ ಏರಿತ್ತು ಎಂದು ಇಂದು ಕೇಳಿದರೆ ಒಂದೇ ಮನೆಯ ನಾಲ್ವರು ನಾಲ್ಕು ಬಗೆಯಾಗಿ ಹೇಳುವುದುಂಟು. ಅವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ನೆನಪು ನಮಗೆ ತಿಳಿಯದಂತೆಯೇ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಅಂದೇ ಬರೆದಿಟ್ಟ ಒಂದು ಸಾಲಿಗೆ ಆ ದೋಷವಿಲ್ಲ.

ದಿನಚರಿಯೆಂದರೆ ಎದ್ದದ್ದು, ಉಂಡದ್ದು, ಮಲಗಿದ್ದು ಇವುಗಳ ಪಟ್ಟಿಯೆಂದು ಹಲವರು ತಿಳಿದಿದ್ದಾರೆ. ವಿಜ್ಞಾನದ ದೃಷ್ಟಿಯಲ್ಲಿ ಅದರ ಅರ್ಥ ಬೇರೆ. ಕಂಡುದನ್ನು, ಕಂಡ ಹೊತ್ತಿನಲ್ಲಿಯೇ, ಕಂಡ ಹಾಗೆಯೇ ಬರೆದಿಡುವುದು ದಿನಚರಿ.

ಮೈಕೇಲ್ ಫ್ಯಾರಡೆಯ ದಿನಚರಿಯನ್ನು ನೋಡೋಣ. 1831ನೆಯ ಇಸವಿಯ ಆಗಸ್ಟ್ 29ರಂದು ಆತನು ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ತಾಮ್ರದ ತಂತಿಗಳನ್ನು ಸುತ್ತಿ, ಒಂದಕ್ಕೆ ವಿದ್ಯುತ್ಕೋಶವನ್ನು ಜೋಡಿಸಿದನು. ಇನ್ನೊಂದರ ಬಳಿಯಿದ್ದ ಕಾಂತಸೂಚಿ ಅಲುಗಿತು. ಆದರೆ ಬೇಗನೆ ಮೊದಲಿನ ಸ್ಥಾನಕ್ಕೆ ಮರಳಿತು. ಜೋಡಣೆಯನ್ನು ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ಇಂಥ ಕ್ಷಣಿಕ ಚಲನೆಯನ್ನು ಕೈತಪ್ಪೆಂದು ಬಿಟ್ಟುಬಿಡುವುದು ಸುಲಭವಾಗಿತ್ತು. ಫ್ಯಾರಡೆ ಹಾಗೆ ಮಾಡದೆ ಕಂಡುದನ್ನೆಲ್ಲ ಬರೆದನು. ಇಂದಿನ ವಿದ್ಯುಜ್ಜನಕ ಯಂತ್ರಗಳೆಲ್ಲವೂ ಆ ತತ್ತ್ವದ ಮೇಲೆಯೇ ನಡೆಯುತ್ತವೆ. ಸಂಖ್ಯೆ ಹಾಕಿ ಆತನು ಬರೆದ ಟಿಪ್ಪಣಿಗಳು 16,000ಕ್ಕೂ ಹೆಚ್ಚು. ಅವುಗಳಲ್ಲಿ ಫಲಿಸದ ಪ್ರಯೋಗಗಳಿಗೂ ಸ್ಥಾನವಿದೆ. ಮುಂದೆ ಮರೆವು ಆತನನ್ನು ಬಾಧಿಸಿದಾಗ ಈ ಹಾಳೆಗಳೇ ಆಸರೆಯಾದವು.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳುತ್ತೇವೆ. ವಿದ್ಯಾರ್ಥಿಯಾಗಿದ್ದಾಗ ನಾವು 100 ಸೆಂಟಿಮೀಟರ್ ಉದ್ದದ ಲೋಲಕದ 20 ಆಂದೋಲನಗಳ ಕಾಲವನ್ನು ಅಳೆದೆವು. ಮೂರು ಸಲ ಸುಮಾರು 38 ಸೆಕೆಂಡು ಬಂದಿತು, ಒಂದು ಸಲ ಮಾತ್ರ 40 ಸೆಕೆಂಡು. ಹೊಂದದ ಆ ಸಂಖ್ಯೆಯನ್ನು ರಬ್ಬರಿನಿಂದ ಅಳಿಸಿದೆವು. ಕೊನೆಗೆ ಗುರುತ್ವ ವೇಗೋತ್ಕರ್ಷವು ನೂರಕ್ಕೆ ಹನ್ನೊಂದರಷ್ಟು ಹೆಚ್ಚಾಗಿ ಬಂದಿತು. ಕಾರಣವೇನು? ಗಡಿಯಾರವನ್ನು ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಲಾರಂಭಿಸಿದ್ದೆವು. ಅಳೆದದ್ದು 19 ಆಂದೋಲನಗಳನ್ನು ಮಾತ್ರ! ಅಳಿಸಿದ ಸಂಖ್ಯೆಯೇ ಸರಿಯಾಗಿತ್ತು. ಅದು ಪುಸ್ತಕದಲ್ಲಿ ಉಳಿದಿದ್ದರೆ ತಪ್ಪನ್ನು ನಾವೇ ಹಿಡಿಯಬಹುದಿತ್ತು.

ವಿದ್ಯಾರ್ಥಿಗಳು ಇಂದೇ ಆರಂಭಿಸಬಹುದಾದ ಒಂದು ದಿನಚರಿಯನ್ನು ಸೂಚಿಸುತ್ತೇವೆ. ನೆಟ್ಟನೆಯ ಗೋಡೆಯ, ಸಮತಳದ ಡಬ್ಬಿಯೊಂದನ್ನು ಬಯಲಿನಲ್ಲಿ ಅಲುಗದಂತೆ ಇಡಿರಿ. ನಿತ್ಯವೂ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿಯ ನೀರಿನ ಆಳವನ್ನು ಮಿಲಿಮೀಟರುಗಳಲ್ಲಿ ಅಳೆದು, ಬರೆದು, ನೀರನ್ನು ಚೆಲ್ಲಿರಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 20 ಮಿಲಿಮೀಟರ್ ಮಳೆ ಒಂದು ಎಕರೆ ಹೊಲಕ್ಕೆ ಸುಮಾರು 81,000 ಲೀಟರ್ ನೀರನ್ನು ತರುತ್ತದೆ.

ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ಊರುಗಳ ಗೆಳೆಯರು ಇಂಥ ದಿನಚರಿಯನ್ನಿಟ್ಟು, ತಿಂಗಳಿಗೊಮ್ಮೆ ಹೋಲಿಸಿ ನೋಡಲಿ. ಸುರಕ್ಷಿತ ಸ್ಥಳದಿಂದ ಕಾಣುವ ನದಿಯ ಮಟ್ಟವನ್ನೂ ಪಕ್ಕದಲ್ಲಿ ಗುರುತಿಸಲಿ. ಪೂರ ಬಂದಾಗ ದಡಕ್ಕೆ ಮಾತ್ರ ಇಳಿಯಬಾರದು. ಗೋಕಾಕದಲ್ಲಿ ಹನಿ ಮಳೆಯೂ ಬೀಳದ ದಿನ ನದಿ ಏರಿದುದು ಕಂಡುಬಂದೀತು. ಹೀಗೇಕೆ? ಘಟಪ್ರಭೆ ಹುಟ್ಟುವುದು ಪಶ್ಚಿಮದ ಸಹ್ಯಾದ್ರಿಯಲ್ಲಿ. ಅಲ್ಲಿಯ ಮಳೆಯೂ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಬಿಡುವ ನೀರೂ ಕೆಳಗಿನ ಊರುಗಳನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ಒಂದು ದಿನದ ಬರಹದಿಂದ ಇದು ತಿಳಿಯದು. ಹಲವು ದಿನಗಳ ಸಾಲುಗಳನ್ನು ಒತ್ತಟ್ಟಿಗಿಟ್ಟಾಗ ತಾನಾಗಿಯೇ ಹೊಳೆಯುತ್ತದೆ.

ಕೆಲವು ನಿಯಮಗಳನ್ನು ಮರೆಯಬಾರದು. ದಿನಾಂಕ, ವೇಳೆ, ಅಳತೆಯ ಮಾನ ಇವುಗಳನ್ನು ತಪ್ಪದೆ ಬರೆಯಬೇಕು. ಮಳೆಯಿಲ್ಲದ ದಿನ ‘ಸೊನ್ನೆ’ ಎಂದು ಬರೆಯಬೇಕು. ನೋಡದ ದಿನ ‘ನೋಡಲಿಲ್ಲ’ ಎಂದು ಬರೆಯಬೇಕು. ಇವೆರಡೂ ಒಂದೇ ಅಲ್ಲ. ತಪ್ಪೆಂದು ತೋರಿದ ಸಂಖ್ಯೆಯ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು, ಅಳಿಸಬಾರದು. ನಿನ್ನೆಯದನ್ನು ಊಹಿಸಿ ತುಂಬಬಾರದು.

ಇದಕ್ಕೆ ಬೇಕಾದದ್ದು ಒಂದು ನೋಟುಬುಕ್ಕು, ಒಂದು ಲೇಖನಿ, ದಿನಕ್ಕೆ ಐದು ನಿಮಿಷ. ಮುಂದೊಮ್ಮೆ ಪೂರ ಬಂದು ನೀರು ಎಲ್ಲಿಯವರೆಗೆ ಏರಿತ್ತೆಂಬ ಪ್ರಶ್ನೆ ಎದ್ದಾಗ, ನಿಮ್ಮ ಮನೆಯಲ್ಲಾದರೂ ನಾಲ್ಕು ಉತ್ತರಗಳಿಗೆ ಬದಲು ಒಂದೇ ಉತ್ತರ ಇರಲಿ.