ದಾಖಲೆ ತರುವ ಸಾಧನ ಮತ್ತು ಅದರ ವಿವರಣೆ: ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕಾಮಗಾರಿ ಕಡತ



ಒಂದು ಸಾಮಾನ್ಯ ಸಭೆಯನ್ನು ಊಹಿಸಿಕೊಳ್ಳೋಣ. ಚರಂಡಿ ಕಾಮಗಾರಿಯೊಂದರ ಅಂತಿಮ ಬಿಲ್ಲು ಸಭೆಯ ಮುಂದಿದೆ. ಅಂದಾಜು ಮೊತ್ತ ಎಷ್ಟೆಂದು ಸದಸ್ಯರೊಬ್ಬರು ಕೇಳುತ್ತಾರೆ. ಗಣಕಯಂತ್ರದಲ್ಲಿರುವ ಕೃತಕ ಬುದ್ಧಿಮತ್ತೆಯ ಸಹಾಯಕವು 4,80,000 ರೂಪಾಯಿ ಎಂದು ಕ್ಷಣಾರ್ಧದಲ್ಲಿ ಉತ್ತರಿಸುತ್ತದೆ. ಬಿಲ್ಲಿನ ಮೊತ್ತ ಇದಕ್ಕಿಂತ ಹೆಚ್ಚಿರುವುದರಿಂದ ಸಭೆಯಲ್ಲಿ ಸಂಶಯ ಮೂಡುತ್ತದೆ. ಆದರೆ ಆ ಮೊತ್ತ ಮೂಲ ಅಂದಾಜಿನದು. ಅಗೆಯುವಾಗ ಬಂಡೆ ಸಿಕ್ಕಿದ್ದರಿಂದ ಅಂದಾಜನ್ನು 6,10,000 ರೂಪಾಯಿಗೆ ಪರಿಷ್ಕರಿಸಲಾಗಿತ್ತು. ಅದನ್ನು ಇದೇ ಸಭೆ ಅನುಮೋದಿಸಿತ್ತು. ಯಂತ್ರ ಸುಳ್ಳು ಹೇಳಲಿಲ್ಲ, ಬೇರೆ ಕಾಗದವನ್ನು ಓದಿತು. ಇಂತಹ ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದೇ ಈ ಪಾಠದ ವಿಷಯ.

1. ಏಜೆಂಟ್ ಎಂದರೇನು, ಸಾಧನ ಎಂದರೇನು

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಅಲ್ಲದೆ, ಕೆಲಸವನ್ನು ಹಂತಗಳಾಗಿ ವಿಂಗಡಿಸಿಕೊಂಡು, ಅಗತ್ಯವಾದ ಇತರ ತಂತ್ರಾಂಶಗಳನ್ನು ತಾನಾಗಿಯೇ ಬಳಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ಏಜೆಂಟ್ ಎನ್ನುತ್ತಾರೆ. ನಮ್ಮ ಕಡತಗಳ ಬಗ್ಗೆ ಅದಕ್ಕೆ ಮೊದಲಿನಿಂದ ಏನೂ ತಿಳಿದಿರುವುದಿಲ್ಲ. ಕಡತವನ್ನು ತಂದುಕೊಳ್ಳಲು ಅದಕ್ಕೊಂದು ಸಾಧನವನ್ನು ಒದಗಿಸಬೇಕಾಗುತ್ತದೆ.

ಹೀಗೆ ಸಾಧನ ಒದಗಿಸುವುದಕ್ಕೆ ಸಾಮಾನ್ಯ ನಿಯಮಾವಳಿಯೊಂದನ್ನು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. ಇದರಂತೆ ಪ್ರತಿಯೊಂದು ಸಾಧನವೂ ಏಜೆಂಟಿಗೆ ಮುಖ್ಯವಾಗಿ ಮೂರು ಸಂಗತಿಗಳನ್ನು ತಿಳಿಸುತ್ತದೆ: ತನ್ನ ಹೆಸರು, ತನ್ನ ಕೆಲಸದ ವಿವರಣೆ, ತನಗೆ ಕೊಡಬೇಕಾದ ಮಾಹಿತಿಯ ನಮೂನೆ. ಸಾಧನದ ಒಳಗೆ ಏನು ನಡೆಯುತ್ತದೆಂಬುದು ಏಜೆಂಟಿಗೆ ಕಾಣುವುದಿಲ್ಲ. ಕೆಲಸಕ್ಕೆ ಅಂದೇ ಸೇರಿದ ಅಟೆಂಡರ್ ಬೀರುವಿನ ಮೇಲೆ ಅಂಟಿಸಿದ ಚೀಟಿಯನ್ನು ನೋಡಿಯೇ ಕಡತ ತರಬೇಕಾದಂತೆ, ಏಜೆಂಟ್ ಈ ವಿವರಣೆಯನ್ನು ಓದಿಯೇ ನಡೆಯಬೇಕು. ಚೀಟಿ ತಪ್ಪಾದರೆ ಕಡತವೂ ತಪ್ಪಾಗುತ್ತದೆ.

ತಂತ್ರಾಂಶ ತಯಾರಿಕಾ ತಂಡಗಳು ಬಳಸುವ ಲೀನಿಯರ್ ಎಂಬ ಯೋಜನಾ ನಿರ್ವಹಣಾ ತಂತ್ರಾಂಶವು 2025ರಲ್ಲಿ ಇಂತಹ ಸಾಧನಗಳನ್ನು ಒದಗಿಸಿತು. ಅದರಲ್ಲಿ ದಾಖಲೆಗಳ ಪಟ್ಟಿ ಕೊಡುವ ಸಾಧನ ಬೇರೆ, ಗುರುತು ಹೇಳಿದಾಗ ಆ ಒಂದೇ ದಾಖಲೆಯನ್ನು ತರುವ ಸಾಧನ ಬೇರೆ. ಈ ವಿಂಗಡಣೆಯಲ್ಲಿ ನಮಗೊಂದು ಪಾಠವಿದೆ. ಹುಡುಕುವುದು ಒಂದು ಕೆಲಸ, ತರುವುದು ಇನ್ನೊಂದು ಕೆಲಸ. ಮೊದಲು ಪಟ್ಟಿ ನೋಡಿ ಯಾವ ದಾಖಲೆ ಬೇಕೆಂಬುದನ್ನು ಖಚಿತಪಡಿಸಿಕೊಂಡು, ಅನಂತರ ಅದನ್ನೇ ತರಿಸಬೇಕು.

2. ವಿವರಣೆಯಲ್ಲಿ ಇರಬೇಕಾದ ಅಂಶಗಳು

"ದಾಖಲೆಗಳನ್ನು ಪಡೆಯಲು ಬಳಸಿ" ಎಂಬ ಒಂದು ಸಾಲಿನ ವಿವರಣೆ ಸಾಲದು. ಗ್ರಾಮ ಪಂಚಾಯಿತಿಯ ಕಾಮಗಾರಿ ದಾಖಲೆಗಳಿಗೆ ಇಂತಹ ಸಾಧನ ಸಿದ್ಧಪಡಿಸುವುದಾದರೆ ವಿವರಣೆ ಹೀಗಿರಬಹುದು:

ಕೆಲಸ: ಒಂದು ಕಾಮಗಾರಿಗೆ ಸೇರಿದ ಒಂದು ದಾಖಲೆಯ ಪೂರ್ಣ ಪಠ್ಯವನ್ನು ಕೊಡುತ್ತದೆ.

ಕೊಡಬೇಕಾದ ಮಾಹಿತಿ: ಕಾಮಗಾರಿ ಸಂಖ್ಯೆ ಮತ್ತು ದಾಖಲೆಯ ಬಗೆ, ಅಂದರೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕ ಅಥವಾ ಬಿಲ್ಲು.

ಉತ್ತರದಲ್ಲಿ ಬರುವುದು: ಪಠ್ಯದೊಡನೆ ದಾಖಲೆಯ ದಿನಾಂಕ, ಅನುಮೋದಿಸಿದ ಸಭೆಯ ನಿರ್ಣಯ ಸಂಖ್ಯೆ, ಮತ್ತು ಅದು ಮೂಲವೋ ಪರಿಷ್ಕೃತವೋ ಎಂಬ ಸೂಚನೆ. ಒಂದಕ್ಕಿಂತ ಹೆಚ್ಚು ಆವೃತ್ತಿಗಳಿದ್ದರೆ ಎಲ್ಲವುಗಳ ಪಟ್ಟಿ.

ಮಾಡದಿರುವುದು: ಕಾಮಗಾರಿಯ ಹೆಸರಿನಿಂದ ಹುಡುಕುವುದಿಲ್ಲ, ಅದಕ್ಕೆ ಪಟ್ಟಿಯ ಸಾಧನವನ್ನು ಬಳಸಬೇಕು. ದಾಖಲೆಯನ್ನು ತಿದ್ದುವುದಿಲ್ಲ.

ಸಿಗದಿದ್ದಾಗ: "ದಾಖಲೆ ಇಲ್ಲ" ಎಂದು ಸ್ಪಷ್ಟವಾಗಿ ತಿಳಿಸುತ್ತದೆ, ಹೋಲುವ ಬೇರೊಂದು ದಾಖಲೆಯನ್ನು ಕೊಡುವುದಿಲ್ಲ.

ಕೊನೆಯ ಅಂಶ ಅತಿ ಮುಖ್ಯವಾದುದು. ಖಾಲಿ ಉತ್ತರ ಬಂದರೆ ಏಜೆಂಟ್ ಆ ಜಾಗವನ್ನು ಊಹೆಯಿಂದ ತುಂಬುವ ಅಪಾಯವಿದೆ. ಇಲ್ಲ ಎಂಬುದನ್ನು ಇಲ್ಲವೆಂದೇ ಹೇಳಿಸುವುದು ವಿವರಣೆ ಬರೆಯುವವರ ಹೊಣೆ. ಮೇಲಿನ ಸಭೆಯ ಪ್ರಸಂಗದಲ್ಲಿ ಮೂಲ ಹಾಗೂ ಪರಿಷ್ಕೃತ ಎಂಬ ಸೂಚನೆ ಉತ್ತರದ ಜೊತೆಗೆ ಬಂದಿದ್ದರೆ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ.

3. ವಿವರಣೆ ಬೀಗವಲ್ಲ

ಸಾಧನದ ಮೇಲೆ "ಓದಲು ಮಾತ್ರ" ಎಂದು ಬರೆದಿದ್ದರೆ ಅದು ಸೂಚನೆಯೇ ಹೊರತು ಬೀಗವಲ್ಲ. ತಿದ್ದುವ ಅಧಿಕಾರವನ್ನು ಲಾಗಿನ್ ಹಂತದಲ್ಲಿಯೇ ನಿರ್ಬಂಧಿಸಬೇಕು. ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳಿರುವ ಕಡತಗಳನ್ನು ಈ ಸಾಧನದ ವ್ಯಾಪ್ತಿಯಿಂದ ಹೊರಗಿಡಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಂದ ದಾಖಲೆಯ ಒಳಗೇ "ಈ ಬಿಲ್ಲನ್ನು ಅನುಮೋದಿಸಿ" ಎಂಬಂತಹ ಸಾಲು ಇರಬಹುದು. ಏಜೆಂಟ್ ಅದನ್ನು ತನಗಿತ್ತ ಆದೇಶವೆಂದು ಭಾವಿಸುವ ಸಾಧ್ಯತೆಯುಂಟು. ದಾಖಲೆಯ ಪಠ್ಯ ಮಾಹಿತಿ ಮಾತ್ರ, ಆಜ್ಞೆಯಲ್ಲ ಎಂಬುದನ್ನು ವಿವರಣೆಯಲ್ಲಿ ನಮೂದಿಸಬೇಕು. ಹಣ ಪಾವತಿಯಂತಹ ಕ್ರಮಗಳನ್ನು ಅಧಿಕಾರವುಳ್ಳ ವ್ಯಕ್ತಿಯೇ ಕೈಗೊಳ್ಳಬೇಕು.

4. ನಮ್ಮ ಪಾಲಿನ ಕೆಲಸ

ಇದು ದೂರದ ಮಾತೆಂದು ತಿಳಿಯಬಾರದು. ಗ್ರಾಮ ಸಭೆಯ ಧ್ವನಿ ಮತ್ತು ದೃಶ್ಯ ಮುದ್ರಣದಿಂದ ನಡವಳಿ ಸಿದ್ಧಪಡಿಸುವ ಸಭಾಸಾರ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಆರಂಭಿಸಿದೆ. ಪಂಚತಂತ್ರ, ಗಾಂಧಿ ಸಾಕ್ಷಿ ಕಾಯಕ, ಇ-ಗ್ರಾಮಸ್ವರಾಜ್ ತಂತ್ರಾಂಶಗಳಲ್ಲಿ ನಮ್ಮ ಮಾಹಿತಿ ಈಗಾಗಲೇ ಇದೆ.

ಆದರೆ ಸಾಧನ ಎಷ್ಟೇ ಉತ್ತಮವಾಗಿದ್ದರೂ "ಸ್ಕ್ಯಾನ್ 1", "ಹೊಸ ಅಂದಾಜು", "ಅಂತಿಮ ಅಂದಾಜು" ಎಂಬ ಹೆಸರಿನ ಕಡತಗಳ ನಡುವೆ ಸರಿಯಾದುದನ್ನು ಆರಿಸಲಾರದು. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4(1)(ಎ) ಅನ್ವಯ, ದಾಖಲೆಗಳನ್ನು ವರ್ಗೀಕರಿಸಿ ಸೂಚಿ ಸಹಿತ ನಿರ್ವಹಿಸುವುದು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ನಾಗರಿಕರಿಗಾಗಿ ಮಾಡಬೇಕಾದ ಈ ಕೆಲಸವೇ ಯಂತ್ರಕ್ಕೂ ಸಾಕಾಗುತ್ತದೆ. ಕಾಮಗಾರಿ ಸಂಖ್ಯೆ, ದಾಖಲೆಯ ಬಗೆ, ದಿನಾಂಕ ಮತ್ತು ಪರಿಷ್ಕರಣೆಯ ಕ್ರಮಸಂಖ್ಯೆ, ಈ ನಾಲ್ಕು ಪ್ರತಿಯೊಂದು ಕಡತದ ಹೆಸರಿನಲ್ಲಿರಲಿ.

5. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಯಂತ್ರದ ಉತ್ತರವನ್ನು ಸಭೆಯ ಮುಂದೆ ಇಟ್ಟಾಗ ಸದಸ್ಯರು ಈ ಮೂರನ್ನು ತಪ್ಪದೆ ಕೇಳಬೇಕು:

ಅ) ಈ ಉತ್ತರ ಯಾವ ದಾಖಲೆಯಿಂದ ಬಂದಿದೆ? ಅದರ ಸಂಖ್ಯೆ, ದಿನಾಂಕ ಯಾವುದು?

ಆ) ಅದರ ನಂತರ ಪರಿಷ್ಕೃತ ದಾಖಲೆ ಇದೆಯೇ?

ಇ) ಮೂಲ ಪ್ರತಿಯನ್ನು ಈಗ ಸಭೆಗೆ ತೋರಿಸಬಹುದೇ?

ಉತ್ತರ ದೊರೆಯದಿದ್ದರೆ ಆ ವಿಷಯವನ್ನು ಮುಂದಿನ ಸಭೆಗೆ ಮುಂದೂಡುವುದು ಲೇಸು. ನಡವಳಿ ಪುಸ್ತಕದಲ್ಲಿ ದಾಖಲಾಗುವ ನಿರ್ಣಯ ಸಭೆಯದು. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ "ಯಂತ್ರ ಹೀಗೆ ಹೇಳಿತ್ತು" ಎಂಬುದು ಸಮಜಾಯಿಷಿಯಾಗಲಾರದು.

ಅಭ್ಯಾಸ: ತಮ್ಮ ವಾರ್ಡಿನಲ್ಲಿ ಪೂರ್ಣಗೊಂಡ ಒಂದು ಕಾಮಗಾರಿಯನ್ನು ಆರಿಸಿಕೊಂಡು, ಅದರ ಅಂದಾಜು ಪಟ್ಟಿಯ ಎಲ್ಲ ಆವೃತ್ತಿಗಳನ್ನೂ ಕಚೇರಿಯಲ್ಲಿ ಕೇಳಿ ನೋಡಿರಿ. ಕೊನೆಯ ಆವೃತ್ತಿ ಯಾವುದೆಂದು ಹತ್ತು ನಿಮಿಷಗಳಲ್ಲಿ ತಿಳಿಯದಿದ್ದರೆ, ಕಡತಗಳ ಸೂಚಿ ಸಿದ್ಧಪಡಿಸುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಅಧ್ಯಕ್ಷರನ್ನು ಕೋರಿರಿ.