ರೆಸಿಡೆನ್ಸಿಯ ನಡುವೆ ಎಂ.ಬಿ.ಎ.: ಯಾರಿಗೆ, ಯಾರ ಹಣದಲ್ಲಿ?

ವೈದ್ಯನಾದವನಿಗೆ ವಾಣಿಜ್ಯವಿದ್ಯೆಯ ಪದವಿಯೂ ಬೇಕೆ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುತ್ತಿರುವ ನಮ್ಮ ಕಡೆಯ ತರುಣ ವೈದ್ಯರು ಈಚೆಗೆ ಮೇಲಿಂದ ಮೇಲೆ ನನ್ನಲ್ಲಿ ಕೇಳುತ್ತಿದ್ದಾರೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಆ ದೇಶದಲ್ಲಿ ಇಂಟರ್ನಲ್ ಮೆಡಿಸಿನ್ನಿನ ಮೂರು ವರ್ಷದ ತರಬೇತಿಯ ನಡುವೆಯೇ ಎಂ.ಬಿ.ಎ. ಪದವಿಯನ್ನೂ ಸಂಪಾದಿಸಿದವನಾದ್ದರಿಂದ, ಈ ವಿಷಯದಲ್ಲಿ ಅನುಭವದಿಂದ ದೃಢವಾಗಿರುವ ಅಭಿಪ್ರಾಯವನ್ನು ಅವರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಆ ವಿದ್ಯೆಯಿಂದ ಪ್ರಯೋಜನವಿಲ್ಲವೆಂದು ನಾನೆಂದಿಗೂ ಹೇಳಲಾರೆ. ವೃದ್ಧರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯು, 1983ರಲ್ಲಿ ತಂದ ಪದ್ಧತಿಯಂತೆ, ಆಸ್ಪತ್ರೆಗೆ ದಿನಲೆಕ್ಕದಲ್ಲಿ ಹಣ ಕೊಡದೆ, ರೋಗದ ವರ್ಗವನ್ನನುಸರಿಸಿ ದಾಖಲಾತಿಯೊಂದಕ್ಕೆ ಇಂತಿಷ್ಟೆಂದು ಗೊತ್ತುಮಾಡಿದ ಮೊತ್ತವನ್ನು ಕೊಡುತ್ತದೆ. ನನ್ನ ವಾರ್ಡಿನಲ್ಲಿ ನ್ಯುಮೋನಿಯದಿಂದ ಚೇತರಿಸಿಕೊಂಡ ವೃದ್ಧೆಯೊಬ್ಬರು ಶುಕ್ರವಾರವೇ ಡಿಸ್ಚಾರ್ಜಿಗೆ ಸಿದ್ಧರಾಗಿದ್ದರೂ, ಅವರು ಹೋಗಬೇಕಾಗಿದ್ದ ಶುಶ್ರೂಷಾಗೃಹವು ವಾರದ ಕೊನೆಯಲ್ಲಿ ಹೊಸಬರನ್ನು ಸೇರಿಸಿಕೊಳ್ಳದ ಕಾರಣ, ಸೋಮವಾರದವರೆಗೆ ನಮ್ಮಲ್ಲಿಯೇ ಉಳಿದರು. ಆ ಮೂರು ರಾತ್ರಿಗಳ ವೆಚ್ಚಕ್ಕೆ ಆಸ್ಪತ್ರೆಗೆ ಪ್ರತಿಫಲವಿಲ್ಲವೆಂಬುದನ್ನೂ, ಅದೇ ಹಾಸಿಗೆಗಾಗಿ ತುರ್ತುಚಿಕಿತ್ಸಾ ವಿಭಾಗದ ಕಾರಿಡಾರಿನಲ್ಲಿ ಸ್ಟ್ರೆಚರಿನ ಮೇಲೆ ಇನ್ನೊಬ್ಬ ರೋಗಿ ಕಾದಿದ್ದನೆಂಬುದನ್ನೂ ಒಟ್ಟಿಗೆ ಕಾಣುವ ದೃಷ್ಟಿಯನ್ನು ನನಗೆ ಕೊಟ್ಟದ್ದು ವೆಚ್ಚಗಣನೆಯ ಪಾಠವೇ ಸರಿ.

ಆದರೆ ಈ ವಿದ್ಯೆಗೆ ತೆರಬೇಕಾದ ಬೆಲೆ ಅಲ್ಪವಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯವು 2016ರಲ್ಲಿ ಅಂತರ್ಜಾಲದ ಮೂಲಕ ಆರಂಭಿಸಿದ ಎಂ.ಬಿ.ಎ.ಗೆ ಆಗ ಸುಮಾರು 22,000 ಡಾಲರ್ ಸಾಕಾಗುತ್ತಿತ್ತು. ವಾರ್ಟನ್ ಶಾಲೆಯಲ್ಲಾದರೋ ಎರಡು ವರ್ಷದ ಶುಲ್ಕವೇ ಇಂದು ಒಂದೂವರೆ ಲಕ್ಷ ಡಾಲರನ್ನು ಮೀರುತ್ತದೆ. 60,000 ಡಾಲರನ್ನು ಶೇಕಡ 8ರ ಬಡ್ಡಿಗೆ ಸಾಲ ತಂದವನಿಗೆ ವರ್ಷಕ್ಕೆ 4,800 ಡಾಲರ್ ಬಡ್ಡಿಯೇ ಏರುವುದು. ಹೆಸರಿನ ಮುಂದೆ ಇನ್ನೊಂದು ಪದವಿ ಸೇರಿದ ಮಾತ್ರಕ್ಕೆ ರೋಗಿಯನ್ನು ನೋಡಿದ್ದಕ್ಕಾಗಿ ವಿಮೆಯವರು ಕೊಡುವ ದರ ಕಿಂಚಿತ್ತೂ ಹೆಚ್ಚುವುದಿಲ್ಲ. ರೆಸಿಡೆಂಟರ ದುಡಿಮೆಗೆ, ನಾಲ್ಕು ವಾರಗಳ ಸರಾಸರಿಯಲ್ಲಿ, ವಾರಕ್ಕೆ 80 ಗಂಟೆಗಳ ಮಿತಿಯನ್ನು 2003ರಿಂದ ವಿಧಿಸಿದ್ದಾರಷ್ಟೆ, ಎಂ.ಬಿ.ಎ. ಓದಿಗೆ ಬೇಕಾಗುವ ಹೊತ್ತು ಆ ಎಂಬತ್ತರ ಹೊರಗಿನದು, ನಿದ್ರೆಯಿಂದಲೂ ಸಂಸಾರದಿಂದಲೂ ಕಸಿದು ತರಬೇಕಾದುದು.

ಆದಕಾರಣ, ಅರ್ಜಿ ಹಾಕುವುದಕ್ಕೆ ಮೊದಲು ಆಸ್ಪತ್ರೆಯ ಸಿಬ್ಬಂದಿ ಕಚೇರಿಯಲ್ಲಿ ವಿಚಾರಿಸಿ. ನೌಕರನ ವಿದ್ಯಾಭ್ಯಾಸಕ್ಕೆಂದು ಸಂಸ್ಥೆಯು ತನ್ನ ಯೋಜನೆಯ ಪ್ರಕಾರ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರಿನವರೆಗೆ ಸಂಯುಕ್ತ ಸರ್ಕಾರದ ವರಮಾನ ತೆರಿಗೆಯಿಲ್ಲ. ನನ್ನ ಶುಲ್ಕದ ಬಹುಭಾಗ ಸಂದಾಯವಾದದ್ದು ಈ ಮಾರ್ಗದಿಂದಲೇ. ಅಲ್ಲಿಯೇ ವೈದ್ಯಶಿಕ್ಷಣ ಪಡೆದು ಸರ್ಕಾರದ ಸಾಲ ಹೊತ್ತವರು, ಲಾಭೋದ್ದೇಶವಿಲ್ಲದ ಆಸ್ಪತ್ರೆಯಲ್ಲಿ ದುಡಿಯುತ್ತ 120 ಮಾಸಿಕ ಕಂತುಗಳನ್ನು ಕಟ್ಟಿ ಉಳಿದ ಸಾಲದ ಮನ್ನಾ ಪಡೆಯುವ ಉದ್ದೇಶವುಳ್ಳವರಾದರೆ, ಇನ್ನೊಂದು ಎಚ್ಚರಿಕೆಯನ್ನು ವಹಿಸತಕ್ಕದ್ದು: ಮತ್ತೆ ವಿದ್ಯಾರ್ಥಿಗಳಾಗಿ ಹೆಸರು ನೋಂದಾಯಿಸಿದೊಡನೆ ಕಂತುಗಳು ತಾವಾಗಿಯೇ ಮುಂದೂಡಲ್ಪಡುವುದುಂಟು, ಹಾಗೆ ಮುಂದೂಡಿದ ತಿಂಗಳುಗಳು ಆ 120ರ ಲೆಕ್ಕಕ್ಕೆ ಸೇರವು. ಆ ಸೌಲಭ್ಯ ಬೇಡವೆಂದು ಸಾಲ ನಿರ್ವಹಿಸುವ ಸಂಸ್ಥೆಗೆ ಲಿಖಿತವಾಗಿ ತಿಳಿಸಿಬಿಡಿ.

ಆಸ್ಪತ್ರೆಯ ಆಡಳಿತದಲ್ಲಿ ಕೈಗೊಳ್ಳಬೇಕಾದ ನಿರ್ದಿಷ್ಟ ಕಾರ್ಯವೊಂದು ನಿಮ್ಮ ಕಣ್ಣೆದುರಿಗಿದ್ದು, ಶುಲ್ಕದ ಹೆಚ್ಚಿನ ಭಾಗವನ್ನು ಸಂಸ್ಥೆಯೇ ಭರಿಸುವಂತಿದ್ದರೆ, ನಿಸ್ಸಂಕೋಚವಾಗಿ ಓದಿ. ಸಾಲ ಮಾಡಿಯೇ ಓದಬೇಕಾದ ಪಕ್ಷದಲ್ಲಿ, ತರಬೇತಿ ಮುಗಿದು ತಜ್ಞವೈದ್ಯರ ಸಂಬಳ ಕೈಸೇರುವವರೆಗೆ ತಡೆಯಿರಿ, ಎಂ.ಬಿ.ಎ.ಗೆ ವಯಸ್ಸಿನ ಮಿತಿಯಿಲ್ಲ.