ದೀರ್ಘಕಾಲ ಸ್ಟಿರಾಯ್ಡ್ ಸೇವಿಸುವವರ ಮೂಳೆಗಳ ರಕ್ಷಣೆ

ಆಸ್ತಮಾ, ಸಂಧಿವಾತ, ಲೂಪಸ್, ಕೆಲವು ಮೂತ್ರಪಿಂಡದ ಕಾಯಿಲೆಗಳು ಹಾಗೂ ಕುಷ್ಠರೋಗದ ಪ್ರತಿಕ್ರಿಯೆಗಳಲ್ಲಿ ವೈದ್ಯರು ಪ್ರೆಡ್ನಿಸೊಲೋನ್‌ನಂತಹ ಸ್ಟಿರಾಯ್ಡ್ ಮಾತ್ರೆಗಳನ್ನು ನೀಡುತ್ತಾರೆ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಸಂಧಿವಾತದ ರೋಗಿಯೊಬ್ಬರಿಗೆ ಪ್ರಥಮ ಬಾರಿ ಕಾರ್ಟಿಸೋನ್ ನೀಡಲಾಯಿತು. 1950ರಲ್ಲಿ ಆ ಸಂಶೋಧನೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಈ ಔಷಧವು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಮೂಳೆ ಸವೆತವು ಇದರ ಪ್ರಮುಖ ಅಡ್ಡಪರಿಣಾಮವಾಗಿದೆ.

ಸವೆತ ಉಂಟಾಗುವ ಬಗೆ: ಸ್ಟಿರಾಯ್ಡ್ ಮೂಳೆ ಕಟ್ಟುವ ಜೀವಕೋಶಗಳನ್ನು ಕುಗ್ಗಿಸುತ್ತದೆ, ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸಿ, ಮೂತ್ರದಲ್ಲಿ ಅದರ ನಷ್ಟವನ್ನು ಹೆಚ್ಚಿಸುತ್ತದೆ, ಸ್ನಾಯುಗಳನ್ನೂ ದುರ್ಬಲಗೊಳಿಸುತ್ತದೆ. ಮೊದಲ 3ರಿಂದ 6 ತಿಂಗಳಲ್ಲಿಯೇ ನಷ್ಟವು ತೀವ್ರವಾಗಿರುತ್ತದೆ. ನೋವಿಲ್ಲದೆ ಸಾಗುವ ಈ ಸವೆತವು ಹಲವು ವೇಳೆ ಬೆನ್ನುಮೂಳೆ ಕುಸಿದಾಗ ಮಾತ್ರ ತಿಳಿಯುತ್ತದೆ. ಆದ್ದರಿಂದ ದಿನಕ್ಕೆ 2.5 ಮಿ.ಗ್ರಾಂ. ಅಥವಾ ಅಧಿಕ ಪ್ರೆಡ್ನಿಸೊಲೋನನ್ನು 3 ತಿಂಗಳು ಮೀರಿ ಸೇವಿಸಬೇಕಾದವರು ಆರಂಭದಲ್ಲಿಯೇ ಮೂಳೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸತಕ್ಕದ್ದು.

ಔಷಧವನ್ನು ಹಠಾತ್ತಾಗಿ ನಿಲ್ಲಿಸಬಾರದು: ದೀರ್ಘಕಾಲದ ಸೇವನೆಯಿಂದ ದೇಹದ ಸ್ವಂತ ಸ್ಟಿರಾಯ್ಡ್ ಉತ್ಪಾದನೆ ಕುಂಠಿತವಾಗಿರುತ್ತದೆ. ಮೂಳೆಯ ಭಯದಿಂದ ಮಾತ್ರೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಒದಗಬಹುದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಆಸ್ತಮಾದ ಇನ್‌ಹೇಲರ್‌ನಿಂದ ಮೂಳೆಗೆ ಆಗುವ ಅಪಾಯ ಮಾತ್ರೆಗಿಂತ ಬಹಳ ಕಡಿಮೆ, ಅದನ್ನೂ ಬಿಡಬಾರದು.

ಆಹಾರ: ದಿನಕ್ಕೆ ಒಟ್ಟು 1000ರಿಂದ 1200 ಮಿ.ಗ್ರಾಂ. ಕ್ಯಾಲ್ಸಿಯಂ ಹಾಗೂ 600ರಿಂದ 800 ಯೂನಿಟ್ ವಿಟಮಿನ್ ಡಿ ಅಗತ್ಯ. ದಾಸನಕೊಪ್ಪ ಹಾಗೂ ಸುತ್ತಲಿನ ಗ್ರಾಮಗಳ ಮುಖ್ಯ ಆಹಾರವಾದ ಅನ್ನದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಮೇಲ್ಪಟ್ಟು, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ. ದೊರೆಯುತ್ತದೆ. ಮೊಸರು, ಮಜ್ಜಿಗೆಯ ತಂಬುಳಿ, ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳೂ ಉಪಯುಕ್ತ. ಮಳೆಗಾಲದಲ್ಲಿ ಬಿಸಿಲು ವಿರಳವಾದ್ದರಿಂದ ವಿಟಮಿನ್ ಡಿ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮೂತ್ರಪಿಂಡದ ಕಲ್ಲು ಇದ್ದವರು ಸ್ವತಃ ಕ್ಯಾಲ್ಸಿಯಂ ಮಾತ್ರೆ ಆರಂಭಿಸಬಾರದು.

ಚಿಕಿತ್ಸೆ: ಅಪಾಯ ಹೆಚ್ಚಿದ್ದವರಿಗೆ ವೈದ್ಯರು ಡೆಕ್ಸಾ ಪರೀಕ್ಷೆ ಹಾಗೂ ಅಲೆಂಡ್ರೊನೇಟ್‌ನಂತಹ ಔಷಧ ಸೂಚಿಸಬಹುದು. ವಾರಕ್ಕೊಮ್ಮೆ ನೀಡುವ ಈ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಒಂದು ಲೋಟ ಬರಿ ನೀರಿನೊಡನೆ ನುಂಗಿ, ಕನಿಷ್ಠ 30 ನಿಮಿಷ ಮಲಗದೆ, ಏನನ್ನೂ ಸೇವಿಸದೆ ಇರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾಗಬಹುದು.

ಬೀಳದಂತೆ ಎಚ್ಚರ: ಪಾಚಿಗಟ್ಟಿದ ಅಂಗಳ, ಬಚ್ಚಲು ಹಾಗೂ ತೋಟದ ಅಡಿಕೆ ಮರದ ಸಂಕಗಳು ಮಳೆಗಾಲದಲ್ಲಿ ಅಪಾಯಕಾರಿ. ಪಾಚಿಯನ್ನು ಕೆರೆದು ತೆಗೆಯುವುದು, ಸಂಕಕ್ಕೆ ಹಿಡಿಕೆ ಕಟ್ಟುವುದು, ರಾತ್ರಿ ದೀಪವಿರಿಸುವುದು ಅವಶ್ಯ. ನಿತ್ಯ ನಡಿಗೆ ಒಳ್ಳೆಯದು. ಧೂಮಪಾನ, ಮದ್ಯಪಾನ ವರ್ಜ್ಯ.

ಆಶಾ ಕಾರ್ಯಕರ್ತೆಯರ ಗಮನಕ್ಕೆ: ಮನೆಭೇಟಿಯಲ್ಲಿ ರೋಗಿಯ ಮಾತ್ರೆಗಳ ಹೆಸರು ಹಾಗೂ ಅವಧಿಯನ್ನು ವಿಚಾರಿಸಿರಿ. ಹೆಸರಿಲ್ಲದ ಕೀಲುನೋವಿನ ಪುಡಿ, ಗುಳಿಗೆಗಳಲ್ಲಿಯೂ ಸ್ಟಿರಾಯ್ಡ್ ಬೆರೆತಿರಬಹುದು. ಅಂಥವನ್ನು ವೈದ್ಯರಿಗೆ ತೋರಿಸಿರಿ. ಹಠಾತ್ ಬೆನ್ನುನೋವು, ಎತ್ತರ ಕುಗ್ಗುವಿಕೆ ಅಥವಾ ಬೆನ್ನು ಬಾಗುವಿಕೆ ಕಂಡುಬಂದಲ್ಲಿ ವಿಳಂಬಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು.